ಕೊಡೆ ಮಾವನ ಈಜು

ಸುಳ್ಳು ಹೇಳಿ ಸಿಕ್ಕಿಬಿದ್ದವರು ಬೇಕಾದಷ್ಟು ಜನ ಇದ್ದಾರೆ. ನಿಜವನ್ನೇ ಹೇಳಿ, ಆ ನಿಜದೊಳಗೆ ಕುತ್ತಿಗೆಯವರೆಗೆ ಮುಳುಗಿದವರು ಬಹುಶಃ ನಮ್ಮ ಕೊಡೆ ಮಾವ ಒಬ್ಬರೇ.

ಓಣಿಯವರೆಲ್ಲ ಅವರನ್ನು ಕೊಡೆ ಮಾವ ಎನ್ನುತ್ತಿದ್ದುದು ಸುಮ್ಮನೆ ಅಲ್ಲ. ಬೀರುವಿನಷ್ಟು ಅಗಲದ ಅಂಗಡಿಯಲ್ಲಿ ಕೂತು ಜೀವಮಾನವಿಡೀ ಕೊಡೆ ರಿಪೇರಿ ಮಾಡಿದವರು ಅವರು. ಊರಿನ ಜನರನ್ನು ನೀರಿನಿಂದ ಕಾಪಾಡುವುದೇ ಅವರ ಕಸುಬು. ಸ್ವತಃ ಅವರಿಗೆ ನೀರು ಕಂಡರೆ ಜೀವ ಹೋಗುವಷ್ಟು ಭಯ. ಬಕೆಟ್ಟಿನ ನೀರಾದರೆ ಸರಿ, ಅದು ಮನುಷ್ಯನಿಗಿಂತ ಚಿಕ್ಕದು. ಅದಕ್ಕಿಂತ ದೊಡ್ಡ ನೀರಿನ ಹತ್ತಿರ ಅವರು ಸುಳಿದವರಲ್ಲ.

ಹೀಗಿರುವಾಗ ಬೆರಳಿನ ಗಂಟುಗಳು ಊದಿಕೊಂಡವು. ಕೊಡೆ ಬಿಚ್ಚಿದರೆ ಬೆರಳು ಮಡಚದು, ಬೆರಳು ಮಡಚಿದರೆ ಕೊಡೆ ಬಿಚ್ಚದು ಎನ್ನುವಂತಾಯಿತು. ಹಿಂದೆಯೇ ಮಂಡಿಗಳೂ ಮುಷ್ಕರ ಹೂಡಿದವು. ಮಾವ ಅಂಗಡಿ ಮುಚ್ಚಿದರು. ಯಾರೂ ಕೇಳಿಕೊಂಡು ಬರದ ಕೊಡೆಗಳನ್ನೆಲ್ಲ ಮನೆಗೆ ತಂದು ಹಜಾರದ ಮಾಡಿಗೆ ನೇತುಹಾಕಿದರು. ಗಾಳಿ ಬೀಸಿದಾಗ ಅವು ಬಾವಲಿಗಳಂತೆ ತೂಗುತ್ತಿದ್ದವು.

ಮಾವನ ಮಂಡಿಯದು ಮುಷ್ಕರವಾದರೆ ಅವರ ಹೆಂಡತಿ, ಅಂದರೆ ನಮ್ಮ ಅತ್ತೆಯ ಮಂಡಿಯದು ಪೂರ್ತಿ ರಾಜೀನಾಮೆ. ಮನೆ ಇರುವುದು ಮಹಡಿಯ ಮೇಲೆ, ಮೆಟ್ಟಿಲು ಕಡಿದು, ನಡುವೆ ಒಂದು ತಿರುವು ಬೇರೆ. ಚಳಿ ಶುರುವಾದಾಗ ಅತ್ತೆ "ಇವತ್ತು ಬೇಡ, ನಾಳೆ ಇಳಿದರಾಯ್ತು" ಅಂದರು. ಆ ನಾಳೆ ಬರಲೇ ಇಲ್ಲ. ಬಾಗಿಲ ಬಳಿಯ ಅವರ ಚಪ್ಪಲಿಗಳ ಮೇಲೆ ಧೂಳು ಕೂತಿತು. ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಬೀದಿ ನೋಡುತ್ತಿದ್ದರು. ಮಾವ ಚಪ್ಪಲಿ ನೋಡುತ್ತಿದ್ದರು. ಅವರಿಗೆ ಅದೊಂದೇ ಚಿಂತೆ. ಇವಳು ಇನ್ನು ಇಳಿಯುವುದೇ ಇಲ್ಲವೇನೋ.

ಡಾಕ್ಟರು ಇಬ್ಬರಿಗೂ ಒಂದೇ ಮಾತು ಹೇಳಿದ್ದರು. "ಆಡಿಸದೆ ಬಿಟ್ಟ ಕೀಲು ಬಿಗಿದುಕೊಳ್ಳುತ್ತೆ. ಈಜುಕೊಳದಲ್ಲಿ ಬೆಳಗ್ಗೆ ಕೀಲುನೋವಿನ ಹಿರಿಯರಿಗೆ ಅಂತಲೇ ವ್ಯಾಯಾಮ ಹೇಳಿಕೊಡ್ತಾರೆ. ಬೆಚ್ಚನೆಯ ನೀರು. ಇಬ್ಬರೂ ಹೋಗಿ."

"ಈ ವಯಸ್ಸಲ್ಲಿ ನಾನು ನೀರಲ್ಲಿ ಕುಣೀಬೇಕಾ," ಅಂದರು ಅತ್ತೆ. "ನೀವು ಹೋಗಿ ಬನ್ನಿ. ಬದುಕಿ ಬಂದ್ರೆ ಆಮೇಲೆ ನೋಡೋಣ."

ಮಾವ ಹೋದರು. ತಾವು ಹೋಗಿ ಬಂದು ಚೆನ್ನಾಗಿದೆ ಅಂದರೆ ಇವಳೂ ಹೊರಟಾಳು ಎಂಬ ಆಸೆ ಅವರನ್ನು ಕೊಳದ ತನಕ ಕರೆದುಕೊಂಡು ಹೋಯಿತು. ಇಳಿಜಾರಿನಲ್ಲಿ ಕಂಬಿ ಹಿಡಿದು, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಎಲ್ಲರಿಗೂ ವಿದಾಯ ಹೇಳಿ ನೀರಿಗಿಳಿದರು. ನೀರು ಎದೆಯವರೆಗೆ ಬಂದು ಅಲ್ಲೇ ನಿಂತಿತು. ಮಾವ ಒಂದು ಕಣ್ಣು ತೆರೆದರು. ಗಾಜಿನ ಮಾಡಿನಿಂದ ಬೆಳಕು ಇಳಿದು ತಳದಲ್ಲಿ ಬಲೆ ಹಾಸಿತ್ತು. ನೀರ ಮೇಲೆ ತೆಳ್ಳನೆ ಹಬೆ. ಹಬೆಯೊಳಗೆ ನೀಲಿ ಅಂಗಿ ತೊಟ್ಟ ಅಜ್ಜಿಯರೂ ಅಜ್ಜಂದಿರೂ ಅವಸರವೇ ಇಲ್ಲದೆ ನಡೆಯುತ್ತಿದ್ದರು. ಯಾರ ಕಾಲಿನ ಸದ್ದೂ ಇಲ್ಲ. ತಾನು ಬದುಕಿದ್ದೇನೋ ಇಲ್ಲವೋ ಎಂದು ಮಾವನಿಗೆ ಒಂದು ಗಳಿಗೆ ಅನುಮಾನವಾಯಿತು.

"ನಡೀರಿ ಮಾವ," ಅಂದರು ವ್ಯಾಯಾಮದ ಮೇಡಂ. "ನೀರಲ್ಲಿ ನಿಮ್ಮ ಭಾರ ಮಂಡಿ ಮೇಲೆ ಬೀಳಲ್ಲ. ನೋವು ಚುಚ್ಚಿದ್ರೆ ನಿಲ್ಸಿ, ಸುಮ್ಮನೆ ಬಿಗಿ ಅನ್ನಿಸಿದ್ರೆ ಮುಂದುವರಿಸಿ."

ಮಾವ ನಡೆದರು. ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ. ನೀರೊಳಗೆ ಮುಷ್ಟಿ ಕಟ್ಟಿದರು, ಬಿಚ್ಚಿದರು. ತಮ್ಮದೇ ಬೆರಳುಗಳು ಒಂದೊಂದಾಗಿ ತೆರೆದುಕೊಳ್ಳುವುದನ್ನು ನೋಡಿ ಬೆರಗಾದರು. ಕೊಳದ ನಡುವೆ ಕೆಂಪು ಗುಂಡುಗಳ ಹಗ್ಗವೊಂದು ಅಡ್ಡ ಇತ್ತು. ಅದರಾಚೆ ಆಳ. ಮಾವ ಆ ಕಡೆಗೆ ಬೆನ್ನು ಹಾಕಿಯೇ ನಡೆಯುತ್ತಿದ್ದರು.

ಮನೆಗೆ ಬಂದಾಗ ಅತ್ತೆ ಅವರ ಹೆಗಲಿನ ಟವೆಲನ್ನು ಎಳೆದುಕೊಂಡು, ಕುರ್ಚಿಯ ಮುಂದೆ ಸ್ಟೂಲಿನ ಮೇಲೆ ಕೂರಿಸಿ, ತಲೆ ಒರೆಸಿದರು. "ಶೀತ ಆಗುತ್ತೆ," ಅಂದರು. ಮಾವ ಕಣ್ಣು ಮುಚ್ಚಿದರು. ಮೈ ಇನ್ನೂ ನೀರಿನಲ್ಲಿ ತೇಲುತ್ತಿರುವ ಹಾಗಿತ್ತು. ಅಂದಿನಿಂದ ಅದು ದಿನದ ರೂಢಿಯಾಯಿತು. ಅವರು ಕೊಳದಿಂದ ಬರುವುದು, ಅತ್ತೆ ತಲೆ ಒರೆಸುವುದು, ಮಾವ ಅರ್ಧ ನಿದ್ದೆಗೆ ಜಾರುವುದು. ಆದರೆ "ನೀನೂ ಬಾರೇ" ಅಂದಾಗಲೆಲ್ಲ "ನೋಡೋಣ" ಎನ್ನುವುದೇ ಉತ್ತರ.

ಇನ್ನು ಅನಾಹುತ ಶುರುವಾದದ್ದು ಕೆಳಮನೆಯ ಟೆಲಿಫೋನ್ ಅಕ್ಕನಿಂದ. ಆಕೆ ಟೆಲಿಫೋನ್ ಕಚೇರಿಯಲ್ಲಿ ಇವರ ಲೈನನ್ನು ಅವರಿಗೆ ಜೋಡಿಸುತ್ತ ನಿವೃತ್ತಳಾದವಳು. ಕಚೇರಿ ಬಿಟ್ಟಿತು, ಜೋಡಿಸುವ ಚಾಳಿ ಬಿಡಲಿಲ್ಲ.

"ಏನ್ ಮಾವ, ದಿನಾ ಒದ್ದೆ ಟವೆಲ್. ಎಲ್ಲಿಂದ ಸವಾರಿ?"

"ಈಜುಕೊಳದಿಂದಮ್ಮ."

"ಅಲ್ಲೇನ್ ಮಾಡ್ತೀರಾ?"

ನೀಲಿ ಅಂಗಿ ತೊಟ್ಟು, ಅಜ್ಜಿಯರ ಸಾಲಿನಲ್ಲಿ ನಿಂತು, ನೀರೊಳಗೆ ಮುಷ್ಟಿ ಕಟ್ಟಿ ಬಿಚ್ಚುತ್ತೇನೆ ಎಂದು ಹೇಳಲು ಯಾವ ಗಂಡಸಿಗೆ ಬಾಯಿ ಬಂದೀತು? ಮಾವನ ನಾಲಗೆ ಒಂದಿಷ್ಟು ಪಕ್ಕಕ್ಕೆ ಸರಿಯಿತು.

"ಏನಿಲ್ಲ. ಈ ಕಡೆಯಿಂದ ಆ ಕಡೆ ಹೋಗ್ತೀನಿ, ಆ ಕಡೆಯಿಂದ ಈ ಕಡೆ ಬರ್ತೀನಿ."

"ಅಷ್ಟುದ್ದದ ಕೊಳಾನಾ? ಸುಸ್ತಾಗಲ್ವಾ?"

"ನೀರಲ್ಲಿ ಎಂಥಾ ಸುಸ್ತು. ನೀರೇ ಹೊತ್ಕೊಳ್ಳುತ್ತೆ."

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಬೇಕಾದರೆ ಮತ್ತೊಮ್ಮೆ ಓದಿಕೊಳ್ಳಿ. ಆದರೂ ಸಂಜೆಯ ಹೊತ್ತಿಗೆ ಓಣಿಯ ಆ ತುದಿಯಲ್ಲಿ ಕೊಡೆ ಮಾವ ದಿನಾ ಕೊಳವನ್ನು ಈಜಿ ದಾಟುತ್ತಿದ್ದರು. ಮರುದಿನ ಅವರು ಹರೆಯದಲ್ಲಿ ನದಿ ದಾಟಿದ್ದರು. ವಾರ ಕಳೆಯುವಷ್ಟರಲ್ಲಿ ಆ ನದಿಗೆ ಪ್ರವಾಹ ಬಂದಿತ್ತು, ಮಾವನ ಬೆನ್ನ ಮೇಲೆ ಯಾರದೋ ಕರು ಕೂಡ ಇತ್ತು.

ಸುದ್ದಿ ಕೇಳಿ ಬೀಗರು ಬಂದರು. ಮಗಳ ಮಾವನವರು, ನಿವೃತ್ತ ಹೆಡ್‌ಮಾಸ್ಟರು. ತಮ್ಮ ಬೀಗರು ಕೊಡೆ ರಿಪೇರಿಯವರು ಎಂದು ಹೇಳಲು ಅವರಿಗೆ ನಾಚಿಕೆ. ಇಷ್ಟು ವರ್ಷವೂ ಕೇಳಿದವರಿಗೆ "ಅವರದು ಒಂದು ವ್ಯಾಪಾರ" ಎಂದು ತೇಲಿಸಿಬಿಡುತ್ತಿದ್ದರು. ಈಗ ಕೂತವರೇ ಎದೆ ಮುಂದೆ ಮಾಡಿದರು.

"ನಮ್ಮ ಬೀಗರು ಈಜುಗಾರರು ಅಂತ ಪರರ ಬಾಯಿಂದ ಕೇಳಬೇಕಾಯ್ತಲ್ಲ."

"ನಂಗೆ ಈಜು ಬರಲ್ಲ ಬೀಗರೇ," ಅಂದರು ಮಾವ. ನೇರವಾಗಿ, ಸ್ಪಷ್ಟವಾಗಿ ಅಂದರು.

ಬೀಗರು ಅತ್ತೆಯ ಕಡೆ ತಿರುಗಿದರು. "ನೋಡಿದ್ರಾ, ಇದಕ್ಕೆ ವಿನಯ ಅಂತಾರೆ. ಅರ್ಧಂಬರ್ಧ ಕಲಿತೋರು ಬರುತ್ತೆ ಅಂತಾರೆ. ಪೂರ್ತಿ ಕಲಿತೋರು ಬರಲ್ಲ ಅಂತಾರೆ."

"ನಿಜವಾಗ್ಲೂ ಬರಲ್ಲ."

"ಎರಡು ಸಲ ಅಂದ್ರು. ಇವರು ಸಾಮಾನ್ಯದೋರಲ್ಲ."

ಅತ್ತೆ ಟವೆಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು.

ಬೀಗರ ಹಿಂದೆಯೇ ಕೊಳದ ಅಧಿಕಾರಿಯೂ ಮೆಟ್ಟಿಲು ಹತ್ತಿ ಬಂದರು. ಮಿರಿಮಿರಿ ಬೂಟು, ಕೊರಳಲ್ಲೊಂದು ಸೀಟಿ. ಅವರ ಬೂಟಿಗೆ ಇಷ್ಟು ವರ್ಷದ ಸೇವೆಯಲ್ಲಿ ಒಂದು ಹನಿ ನೀರು ತಾಗಿರಲಿಲ್ಲ. ಕೊಳದ ವಾರ್ಷಿಕೋತ್ಸವಕ್ಕೆ ಮೇಲಿನ ಸಾಹೇಬರು ಬರುವವರಿದ್ದರು. ಅವರ ಮುಂದೆ ಹಿರಿಯರೊಬ್ಬರು ಈಜಿ ತೋರಿಸಿದರೆ ತಮ್ಮ ಹೆಸರೂ ನೀರ ಮೇಲೆ ತೇಲೀತು ಎನ್ನುವುದು ಅವರ ಲೆಕ್ಕಾಚಾರ.

"ದಯವಿಟ್ಟು ಒಪ್ಪಿಕೊಳ್ಳಬೇಕು. ಹಗ್ಗದ ಈಚೆಯಿಂದ ಆಚೆ ಆಳಕ್ಕೆ, ಅಷ್ಟೇ ಸಾಕು."

"ಒಪ್ಪದೆ ಏನು," ಅಂದರು ಬೀಗರು. "ಬರ್ತಾರೆ."

ಮಾವ ಬಾಯಿ ತೆರೆದರು. ಆಗುವುದಿಲ್ಲ ಎಂಬ ಮಾತು ಹಲ್ಲಿನ ತನಕ ಬಂದಿತ್ತು. ಅಷ್ಟರಲ್ಲಿ ಕಿಟಕಿಯ ಕಡೆಯಿಂದ ಅತ್ತೆಯ ದನಿ ಬಂತು. "ಹಾಗಾದ್ರೆ ನಾನೂ ಬರ್ತೀನಿ."

ಮೇಲೆ ಕೊಡೆಗಳು ಮೆಲ್ಲಗೆ ತೂಗಿದವು. ಮಾವ ಬಾಗಿಲ ಬಳಿಯ ಧೂಳು ಹಿಡಿದ ಚಪ್ಪಲಿಗಳನ್ನು ನೋಡಿದರು. ತೆರೆದ ಬಾಯನ್ನು ಮೆಲ್ಲಗೆ ಮುಚ್ಚಿಕೊಂಡರು.

ಈಗ ನೋಡಿ ಅವರ ಫಜೀತಿ. ಈಜು ಬರುವುದಿಲ್ಲ ಎಂದು ಗಟ್ಟಿಯಾಗಿ ಹೇಳಿದರೆ ಇವಳು ಕುರ್ಚಿಗೆ ಮರಳುತ್ತಾಳೆ. ಹೇಳದಿದ್ದರೆ ತಾವು ಕೊಳದ ತಳಕ್ಕೆ ಹೋಗುತ್ತಾರೆ. ಎರಡನ್ನೂ ತೂಗಿ ನೋಡಿ ಮಾವ ತಳವೇ ವಾಸಿ ಅಂದುಕೊಂಡರು.

ಏಕೆಂದರೆ ಅತ್ತೆ ಮರುದಿನವೇ ಶುರು ಹಚ್ಚಿಕೊಂಡಿದ್ದರು. ಮಾವ ಕೊಳದಿಂದ ಬಂದಾಗ ಆಕೆ ಕಿಟಕಿಯ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತಿದ್ದರು. "ನಿಮ್ಮ ಮೇಡಂ ಇನ್ನೇನೇನು ಹೇಳ್ಕೊಡ್ತಾರೆ, ಹೇಳಿ," ಅಂದರು. ಮಾವ ಹೇಳಿದರು. ಅತ್ತೆ ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತಿದರು. ಕೈಯೂರದೆ ಕುರ್ಚಿಯಿಂದ ಎದ್ದು ಕೂತರು, ಕೂತು ಎದ್ದರು. ನಡುನಡುವೆ ಮಂಡಿಯನ್ನು ಬೈದರು. ಆಮೇಲೆ ಮೆಟ್ಟಿಲಿಗೆ ಬಂದರು. ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು ಎಂದು ಮಾವ ಮೇಲಿನಿಂದ ಹೇಳುತ್ತಿದ್ದರು. ಒಂದು ಮೆಟ್ಟಿಲು ಇಳಿದು ವಾಪಸ್. ಮತ್ತೆರಡು ಇಳಿದು ವಾಪಸ್. ಒಂದು ದಿನ ತಿರುವಿನ ತನಕ ಇಳಿದು, ಟೆಲಿಫೋನ್ ಅಕ್ಕ ಅಲ್ಲಿಗೇ ತಂದ ಚಹಾ ಕುಡಿದು, ರಾಣಿಯ ಗತ್ತಿನಲ್ಲಿ ಮೇಲೆ ಬಂದರು. ಆಸರೆಗೆಂದು ಮಾಡಿನಿಂದ ಇಳಿಸಿಕೊಂಡದ್ದು ಒಂದು ಉದ್ದನೆಯ ಕರಿ ಕೊಡೆ, ಬಾಗಿದ ಮರದ ಹಿಡಿಯದು.

"ಇದರ ಗುಂಡಿ ಸಡಿಲ ಆಗಿದೆ," ಅಂದರು ಮಾವ ಕೊಡೆ ತಿರುಗಿಸಿ ನೋಡಿ. "ಮುಟ್ಟಿದ್ರೆ ಬಿಚ್ಕೊಳ್ಳುತ್ತೆ. ನಾಳೆ ಸರಿ ಮಾಡ್ತೀನಿ."

"ಹೂಂ. ನಿಮ್ಮ ನಾಳೆ ನಂಗೆ ಗೊತ್ತಿಲ್ವಾ," ಅಂದರು ಅತ್ತೆ.

ಇತ್ತ ಮಾವ ಮೇಡಂ ಹತ್ತಿರ ಗುಟ್ಟಾಗಿ ವಿಚಾರಿಸಿದರು. "ಈಜು ಕಲಿಯೋಕೆ ಬಹಳ ದಿನ ಬೇಕಾ?"

"ಮೊದಲು ಮುಖ ನೀರಲ್ಲಿ ಅದ್ದಿ, ನೋಡೋಣ."

ಮಾವ ಉಸಿರು ಕಟ್ಟಿ, ಮೂಗು ಹಿಡಿದು, ಧೈರ್ಯವನ್ನೆಲ್ಲ ಒಟ್ಟುಮಾಡಿ ಬಗ್ಗಿದರು. "ಇಷ್ಟು ಸಾಕಾ?"

"ಅದು ಗದ್ದ, ಮಾವ."

ಮೇಡಂ ನಗಲಿಲ್ಲ, ಅದು ಅವರ ದೊಡ್ಡತನ. "ಅಧಿಕಾರಿಗಳಿಗೆ ನಾನು ಹೇಳ್ತೀನಿ," ಅಂದರು. "ನೀವು ಹಗ್ಗದ ಈಚೆ ಯಾವಾಗ್ಲೂ ನಡೆಯೋ ಹಾಗೆ ನಡೀರಿ. ಅದೇ ನಮ್ಮ ವ್ಯಾಯಾಮ, ಅದನ್ನೇ ತೋರಿಸೋಣ. ನಾನು ಪಕ್ಕದಲ್ಲೇ ಇರ್ತೀನಿ." ಮೇಡಂ ಹೇಳಿಯೂ ಹೇಳಿದರು. ಅಧಿಕಾರಿ ತಲೆಯಾಡಿಸಿದರು. ಆದರೆ ಅವರು ತಲೆಯಾಡಿಸುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ಸಂಬಂಧ ಇರಲಿಲ್ಲ.

ಆ ದಿನ ಬಂತು. ಅತ್ತೆ ಚಪ್ಪಲಿ ಒರೆಸಿ ಮೆಟ್ಟಿಕೊಂಡರು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಕೊಡೆ, ನೋಯುವ ಕಾಲು ಮೊದಲು. ತಿರುವಿನಲ್ಲಿ ನಿಂತು ಉಸಿರು ಬಿಟ್ಟರು. ಟೆಲಿಫೋನ್ ಅಕ್ಕ ಬಾಯಿ ತೆರೆದು ನಿಂತಿದ್ದಳು. ಓಣಿಯವರೆಲ್ಲ ಬಾಗಿಲಿಗೆ ಬಂದರು. ಅತ್ತೆ ಬೀದಿಯ ಮೇಲೆ ಕಾಲಿಟ್ಟು, ಕಿಟಕಿಯಿಂದ ಇಷ್ಟು ದಿನ ನೋಡಿದ ಬೀದಿ ಇದೇ ಹೌದೋ ಅಲ್ಲವೋ ಎನ್ನುವಂತೆ ಅತ್ತಿತ್ತ ನೋಡಿದರು. ಮೋಡವಿಲ್ಲದ ದಿನ ಕೊಡೆ ಯಾಕೆ ಎಂದು ಬೀಗರು ಕೇಳಿದರು. "ಇರಲಿ, ಒಬ್ಬರಿಗೆ ಬೇಕಾಗಬಹುದು," ಅಂದರು ಅತ್ತೆ.

ಕೊಳದ ಬಳಿ ಕುರ್ಚಿಗಳ ಸಾಲು, ಮೈಕು, ನಡುವೆ ಮೇಲಿನ ಸಾಹೇಬರು. ಅತ್ತೆ ಸಾಲಿನಲ್ಲಿ ಕೂರಲು ಒಪ್ಪಲಿಲ್ಲ. ಕೆಂಪು ಗುಂಡುಗಳ ಹಗ್ಗ ಗೋಡೆಗೆ ತಾಗುವ ಕಡೆಗೇ ಕುರ್ಚಿ ಹಾಕಿಸಿಕೊಂಡರು. ಚೆನ್ನಾಗಿ ಕಾಣಲಿ ಅಂತಿರಬೇಕು ಎಂದುಕೊಂಡರು ಮಾವ. ನೀಲಿ ಅಂಗಿ ತೊಟ್ಟು ನೀರಿಗಿಳಿದರು. ಅಧಿಕಾರಿ ಮೈಕಿನಲ್ಲಿ ಶುರುಮಾಡಿದರು. "ಇದೀಗ, ಒಂದು ಕಾಲದಲ್ಲಿ ಪ್ರವಾಹದ ನದಿಯನ್ನೇ ದಾಟಿದ ನಮ್ಮ ಹಿರಿಯ ಈಜುಗಾರರು, ಹಗ್ಗ ದಾಟಿ ಆಳಕ್ಕೆ."

ಸೀಟಿ ಊದಿದರು. ಮೇಡಂ "ಈಚೆಗೇ ಇರಿ ಮಾವ" ಅಂದರು. ಮಾವ ನಡೆದರು. ಹಬೆ ಸರಿಯುತ್ತಿತ್ತು, ಬೆಳಕಿನ ಬಲೆ ಕಾಲಿಗೆ ಸಿಕ್ಕಿ ಬಿಡುತ್ತಿತ್ತು. ಹಗ್ಗದ ಹತ್ತಿರ ಬಂದಾಗ ಅವರಿಗೆ ಅತ್ತೆಯ ಚಪ್ಪಲಿ ಕಂಡಿತು. ಧೂಳಿಲ್ಲದ, ಒರೆಸಿದ ಚಪ್ಪಲಿ. ಆ ಮೆಟ್ಟಿಲನ್ನೆಲ್ಲ ಇಳಿದು ಬಂದವಳ ಎದುರು ಬರೀ ನಡೆದು ತೋರಿಸಿ ಮನೆಗೆ ಹೋಗುವುದು ಹೇಗೆ? ಬಂದದ್ದು ದಂಡ ಎಂದು ನಾಳೆ ಮತ್ತೆ ಕುರ್ಚಿ ಹಿಡಿದರೆ? ಮಾವ ಮುಂದಿನದನ್ನು ಯೋಚಿಸಲಿಲ್ಲ. ಯೋಚಿಸುವ ಅಭ್ಯಾಸವೂ ಅವರಿಗೆ ಅಷ್ಟಕ್ಕಷ್ಟೇ. ಹಗ್ಗ ಎತ್ತಿದರು, ಆಚೆ ಹೆಜ್ಜೆ ಇಟ್ಟರು.

ನೆಲ ಇರಲಿಲ್ಲ.

ಮೈಕಿನ ಸದ್ದು ಎಲ್ಲೋ ದೂರದ ಊರಿನದಾಯಿತು. ಸುತ್ತ ನೀಲಿ, ಬೆಚ್ಚಗೆ. ಮೇಲೆ ಬೆಳಕು ಕೊಡೆಯ ಬಟ್ಟೆಯಂತೆ ಅಗಲವಾಗಿ ಹರಡಿಕೊಂಡು ನಡುಗುತ್ತಿತ್ತು. ಇದಕ್ಕೆ ಕಡ್ಡಿಗಳೆಲ್ಲಿ, ಯಾವುದರ ಮೇಲೆ ನಿಂತಿದೆ ಇದು ಎಂದು ಮಾವ ಬಹಳ ಸಾವಧಾನವಾಗಿ ಯೋಚಿಸಿದರು. ಬೆರಳುಗಳು ಹಾಯಾಗಿ ಬಿಚ್ಚಿಕೊಂಡಿದ್ದವು. ಅಷ್ಟರಲ್ಲಿ ಅಂಗಿಯ ಕೊರಳಪಟ್ಟಿಗೆ ಏನೋ ಕೊಕ್ಕೆ ಬಿತ್ತು, ಮರದ್ದು, ಪರಿಚಯದ್ದು. ಅದು ಅವರನ್ನು ಹಿಂದಕ್ಕೆ ಎಳೆಯಿತು. ಕಾಲಿಗೆ ನೆಲ ಸಿಕ್ಕಿತು. ಕೈ ಚಾಚಿ ಧಾವಿಸಿದ್ದ ಮೇಡಂಗಿಂತ ಒಂದು ಕ್ಷಣ ಮೊದಲೇ ಕೊಡೆ ತಲುಪಿತ್ತು.

ಆ ಎಳೆತಕ್ಕೆ ಸಡಿಲ ಗುಂಡಿ ಒತ್ತಿಹೋಗಿ, ಅತ್ತೆ ತುದಿ ಹಿಡಿದಿದ್ದ ಕೊಡೆ ಧಡಕ್ಕನೆ ಬಿಚ್ಚಿಕೊಂಡಿತು. ಅತ್ತೆ ಪೂರ್ತಿ ಮರೆಯಾದರು. ದಡದ ಮೇಲೆ ಒಂದು ದೊಡ್ಡ ಕರಿ ಕೊಡೆ, ಅದರ ಹಿಡಿಗೆ ಸಿಕ್ಕಿಕೊಂಡು ಕೆಮ್ಮುತ್ತ ನಿಂತ ಮಾವ. ಕೊಡೆಯ ಹಿಂದಿನಿಂದ ದನಿ ಬಂತು. "ಸರಿಯಾಗಿ ಕಾಲೂರಿ. ಮೂಗು ಒರೆಸ್ಕೊಳ್ಳಿ."

"ನಮ್ಮ ಹಿರಿಯರು ಈಗ ನೀರೊಳಗಿನಿಂದ," ಎಂದು ಶುರುಮಾಡಿದ ಅಧಿಕಾರಿ ಅಲ್ಲಿಗೇ ಮೈಕನ್ನು ಅಂಗೈಯಿಂದ ಮುಚ್ಚಿದರು. ಸಾಹೇಬರು ಬೀಗರ ಕಡೆ ಬಗ್ಗಿ ಇದೇನು ಎಂದು ಕೇಳಿದರು. "ಇದೊಂದು ಹಳೇ ಪದ್ಧತಿ ಸಾರ್," ಅಂದರು ಬೀಗರು, ಪಾಠ ಹೇಳುವ ದನಿಯಲ್ಲಿ. "ಈಗಿನೋರಿಗೆ ಗೊತ್ತಿಲ್ಲ."

ಮಾವ ಕೊಡೆಯ ಕಡೆಗೆ ತಗ್ಗಿದ ದನಿಯಲ್ಲಿ ಹೇಳಿದರು. "ನಂಗೆ ಈಜು ಬರಲ್ಲ ಕಣೇ."

"ಗೊತ್ತು."

"ಯಾವಾಗಿಂದ?"

"ಮೊದಲ ದಿನದಿಂದ. ಈಜಿ ಬಂದೋರ ತಲೇಲಿ ಒಂದು ಹನಿ ನೀರಾದ್ರೂ ಬೇಡ್ವಾ? ನಿಮ್ಮ ಕ್ರಾಪು ಕೂಡ ಕೆಡ್ತಿರ್ಲಿಲ್ಲ. ತಲೆ ಒದ್ದೆ ಆಗಿರೋದು ಇವತ್ತೇ."

ಮಾವ ತಲೆ ಮುಟ್ಟಿ ನೋಡಿಕೊಂಡರು. ಹೌದು, ಒದ್ದೆ. "ಮತ್ತೆ ದಿನಾ ಒರೆಸ್ತಿದ್ದಿದ್ದು?"

ಕೊಡೆ ಸ್ವಲ್ಪ ಅಲುಗಿತು. "ಕಣ್ಣು ಮುಚ್ಕೊಂಡು ಕೂತಿರ್ತಿದ್ರಲ್ಲ. ನೋಡೋಕೆ ಚೆನ್ನಾಗಿರ್ತಿತ್ತು."

"ಗೊತ್ತಿದ್ದೂ ಬರ್ತೀನಿ ಅಂದ್ಯಲ್ಲ."

"ನೀವು ಆಗಲ್ಲ ಅಂತ ಹೇಳ್ಲಿಲ್ವಲ್ಲ. ನೀವು ಮುಳುಗೋವಾಗ ಹಿಡ್ಕೊಳ್ಳೋಕೆ ಒಬ್ರು ಬೇಡ್ವಾ? ಅದಕ್ಕೇ ಆ ಹಾಳು ಮೆಟ್ಟಿಲು ಇಳಿಯೋದು ಕಲಿತೆ."

"ನಿಂಗೆ ಈಜು ಬರುತ್ತಾ?"

"ಇಲ್ಲ. ಕೊಡೆ ಹಿಡಿಯೋಕೆ ಬರುತ್ತೆ."

ಮಾವ ನಕ್ಕರು. ನಗುತ್ತ ಮತ್ತೆ ಕೆಮ್ಮಿದರು. ಅವಳು ಇಳಿಯಲಿ ಎಂದು ತಾವು ಬಾಯಿ ಮುಚ್ಚಿದ್ದು, ತಾವು ಬಾಯಿ ಮುಚ್ಚಿದರೆಂದು ಅವಳು ಇಳಿದದ್ದು, ಇದೆಲ್ಲ ತಲೆಗೆ ಹತ್ತಲು ಸ್ವಲ್ಪ ಸಮಯ ಹಿಡಿಯಿತು. ಹತ್ತಿದ ಮೇಲೆ ಕಣ್ಣಲ್ಲಿ ಬಂದದ್ದು ಕೊಳದ ನೀರಲ್ಲ.

ಅತ್ತೆ ಕೊಡೆ ಮಡಚಿದರು. ನೀರನ್ನೂ, ಹಗ್ಗದ ಈಚೆ ನಿಂತ ಅಜ್ಜಿಯರನ್ನೂ ನೋಡಿದರು. "ಇವರೆಲ್ಲ ಮಾಡೋದು ಇಷ್ಟೇನಾ? ಬರೀ ನಡೆಯೋದಾ?"

"ಅಷ್ಟೇ ಅಮ್ಮ," ಅಂದರು ಮೇಡಂ.

"ಅಷ್ಟಕ್ಕೆ ನನ್ನನ್ನ ಇಷ್ಟು ದಿನ ಹೆದರಿಸಿದ್ರಾ ಇವರು. ಆ ನೀಲಿ ಅಂಗಿ ನಂಗೂ ಒಂದು ಕೊಡಿ."

ಆಕೆ ಬಟ್ಟೆ ಬದಲಿಸಿ ಬರುವ ತನಕ ಅಧಿಕಾರಿ ಮೈಕಿನಲ್ಲಿ ನೀರಿನ ಮಹತ್ವದ ಬಗ್ಗೆ ಮಾತಾಡಿದರು. ಆ ಭಾಷಣ ಯಾರಿಗೂ ನೆನಪಿಲ್ಲ. ನೆನಪಿರುವುದು ಅತ್ತೆ ಇಳಿಜಾರಿನ ಕಂಬಿ ಹಿಡಿದು ಬಂದದ್ದು, ನೀರು ಮಂಡಿಗೆ ಬಂದಾಗ ಒಂದು ಕ್ಷಣ ನಿಂತದ್ದು, ಸೊಂಟಕ್ಕೆ ಬಂದಾಗ "ಅಯ್ಯೋ, ಭಾರವೇ ಇಲ್ಲ" ಎಂದು ತನ್ನಷ್ಟಕ್ಕೆ ಅಂದದ್ದು. ಮಾವ ಕೈ ಚಾಚಿದರು. ಇಬ್ಬರೂ ಈ ಗೋಡೆಯಿಂದ ಆ ಗೋಡೆಗೆ ನಡೆದರು. ಸಾಹೇಬರು ಚಪ್ಪಾಳೆ ತಟ್ಟಿದರು. ಹಳೇ ಪದ್ಧತಿಯ ಎರಡನೇ ಭಾಗ ಇದು ಎಂದು ಬೀಗರು ವಿವರಿಸಿದರು.

ಮನೆಗೆ ಬಂದು, ತಿರುವಿನಲ್ಲಿ ಒಮ್ಮೆ ನಿಂತು, ಒಳ್ಳೇ ಕಾಲು ಮೊದಲಿಟ್ಟು ಅತ್ತೆ ಮೇಲೆ ಹತ್ತಿದರು. ಸುಸ್ತಾಗಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಮಾವ ಟವೆಲ್ ತೆಗೆದುಕೊಂಡು ಹಿಂದೆ ಬಂದು ನಿಂತರು. ಅತ್ತೆಯ ತಲೆಯಲ್ಲಿ ಒಂದು ಹನಿ ನೀರೂ ಇರಲಿಲ್ಲ, ಬೆಳಗ್ಗೆ ಬಾಚಿದ ಕೂದಲು ಬಾಚಿದಂತೆಯೇ ಇತ್ತು.

"ಶೀತ ಆಗುತ್ತೆ," ಅಂದರು ಮಾವ. ಒರೆಸತೊಡಗಿದರು.